ಇಳಿದು ಬರಲೆಂದು ಕೊಂಡ ಜೀಪು

ಎಲ್ಲ ಎಡವಟ್ಟಿಗೂ ಕಾರಣ ಅರ್ಧಕ್ಕೆ ನಿಂತ ಒಂದು ಫೋನ್ ಮಾತು.

ಟೈಲರನ ತಂಗಿ ಬೆಟ್ಟದ ಮೇಲಿನ ಪಶು ಚಿಕಿತ್ಸಾಲಯದಲ್ಲಿ ಡಾಕ್ಟರು. ಓಣಿಯವರ ಬಾಯಲ್ಲಿ ಕುರಿ ಡಾಕ್ಟರು. ಕೊನೆಯ ಬಸ್ಸು ನಿಲ್ಲುವ ಜಾಗದಿಂದ ಅವಳ ಕ್ವಾರ್ಟರ್ಸಿಗೆ ಮೂರು ಗಂಟೆ ಕಲ್ಲುದಾರಿ ನಡೆಯಬೇಕು. ಹೀಗಾಗಿ ಅವಳು ಅಣ್ಣನ ಮನೆಗೆ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಬೆಟ್ಟದ ಫೋನೋ, ಎರಡು ಮಾತಿಗಿಂತ ಹೆಚ್ಚು ತಡೆಯುವಂಥದ್ದಲ್ಲ. ಮೂರು ತಿಂಗಳ ಹಿಂದೆ ಅವಳು, "ಒಂದು ಪುಟ್ಟ ಜೀಪು ಇದ್ದಿದ್ರೆ ಅಣ್ಣಾ..." ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಉಳಿದ ವಾಕ್ಯವನ್ನು ಟೈಲರ್ ತಾನೇ ಹೊಲಿದುಕೊಂಡ: "ಪ್ರತಿ ಭಾನುವಾರ ನಿನ್ನ ಮನೆಗೆ ಊಟಕ್ಕೆ ಬರ್ತಿದ್ದೆ."

ಹೊಲಿದುಕೊಳ್ಳದೆ ಏನು ಮಾಡಿಯಾನು? ಮನೆಯಲ್ಲಿ ಅವನೊಬ್ಬನೇ. ಇಡೀ ಓಣಿಗೆ ಅಂಗಿ ಹೊಲಿಯುವವನ ಅಂಗಿಯ ಭುಜ ಮಾತ್ರ ಯಾವಾಗಲೂ ಜೋತುಬಿದ್ದಿರುತ್ತಿತ್ತು. ತನ್ನ ಬೆನ್ನಿನ ಅಳತೆ ತಾನೇ ತೆಗೆಯುವ ಟೈಲರ್ ಇನ್ನೂ ಹುಟ್ಟಿಲ್ಲ. ಮೊದಲೆಲ್ಲ ಟೇಪು ಹಿಡಿಯುತ್ತಿದ್ದವಳು ತಂಗಿ. ಈಗ ಬಂದವಳಿಗೆ ವಾಪಸ್ ಬಸ್ಸಿನದೇ ಚಿಂತೆ. ಅವಳ ಕೈಗೆ ಟೇಪು ಕೊಡಲು ಅವನಿಗೆ ಸಂಕೋಚ. ಅವಳು ಬೆಟ್ಟ ಸೇರಿದ ಈ ಏಳು ವರ್ಷವೂ ಅಂದಾಜಿನ ಅಂಗಿಯಲ್ಲೇ ದಿನ ದೂಡುತ್ತಿದ್ದ.

ಜೀಪು ಆರಿಸಿದ ಕತೆಯೂ ಕೇಳುವಂಥದ್ದೇ. ಹಳೆ ಗಾಡಿಗಳ ವ್ಯಾಪಾರಿ ಎಂಜಿನ್ನಿನ ಗುಣಗಾನ ಮಾಡುತ್ತಿದ್ದರೆ, ಇವನು ಸೀಟಿನ ಹೊದಿಕೆ ಮಗುಚಿ ಒಳಹೊಲಿಗೆ ನೋಡುತ್ತಿದ್ದ. ಮೊದಲ ಎರಡು ಜೀಪುಗಳಿಗೆ "ಹೊಲಿಗೆ ಸಡಿಲ" ಎಂದು ತಲೆಯಾಡಿಸಿದ. ಮೂರನೆಯದು ಎರಡೇ ಸೀಟಿನ, ಕ್ಯಾನ್ವಾಸ್ ಟಾಪಿನ ಗಿಡ್ಡ ಜೀಪು. "ಇದು ಜೋಡಿ ಹೊಲಿಗೆ, ಕೊಡಿ" ಎಂದ. ಇಂಥ ಗಿರಾಕಿಯನ್ನು ವ್ಯಾಪಾರಿ ಜನ್ಮದಲ್ಲೇ ಕಂಡಿರಲಿಲ್ಲ. ಮನೆಗೆ ತಂದ ಮೇಲೆ ಟೈಲರ್ ಎರಡೂ ಸೀಟಿಗೆ ಹೊಸ ಹೊದಿಕೆ ಹೊಲಿದ. ಸ್ಟೀರಿಂಗ್ ಹಿಂದಿನ ಸೀಟು ತಂಗಿಗೆ. ಪಕ್ಕದ್ದು ತನಗೆ, ಭಾನುವಾರ ಊಟವಾದ ಮೇಲೆ ಅವಳ ಜೊತೆ ಒಂದು ಸುತ್ತು ಹೋಗಿಬರಲು.

ಎಡವಟ್ಟಾದ ದಿನ ಸಂಜೆ ನಾಲ್ಕರ ಬಸ್ಸಿಗೆ ತಂಗಿ ಬಂದು ಜೀಪು ಒಯ್ಯುವವಳಿದ್ದಳು. ಬೆಳಗ್ಗೆ ಟೈಲರ್ ಎದುರಿನ ಗ್ಯಾರೇಜಿನ ಮೆಕ್ಯಾನಿಕ್ಕನನ್ನು ಕರೆದು, "ಬ್ರೇಕ್ ಒಂದ್ಸಲ ನೋಡಿಬಿಡು, ಅಷ್ಟೇ ಸಾಕು. ಬೆಟ್ಟ ಇಳಿದು ಬರೋಳು" ಎಂದ.

ಮೆಕ್ಯಾನಿಕ್ ಬ್ರೇಕ್ ಒತ್ತಿ ನೋಡಿದ. "ಬ್ರೇಕು ಬಂಡೆ ಹಂಗಿದೆ. ಆದ್ರೆ ಮಾಸ್ಟ್ರೇ, ಇಳಿದು ಬಂದೋಳು ವಾಪಸ್ ಹತ್ತೋದು ಬೇಡ್ವಾ?"

ಟೈಲರ್ ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ.

"ಈ ಟೈರಲ್ಲಿ ನಮ್ಮ ಓಣಿ ಮೋರಿ ದಾಟಿದ್ರೆ ದೊಡ್ಡದು. ದೊಡ್ಡ ಟೈರು ಹಾಕ್ತೀನಿ. ಅರ್ಧ ಗಂಟೆ ಕೆಲಸ."

ಬೇಡ ಎನ್ನಬಹುದಿತ್ತು. ಎಂದರೆ ಮೆಕ್ಯಾನಿಕ್ ಎದ್ದು ಹೋಗುತ್ತಾನೆ, ಅಂಗಡಿಯಲ್ಲಿ ಮತ್ತೆ ಮಿಷನ್ನಿನ ಸದ್ದೊಂದೇ ಉಳಿಯುತ್ತದೆ. "ಹಾಕು, ಹಾಕು. ಚಹಾ ಕುಡೀತೀಯಾ?" ಎಂದ.

ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗಿತು. ಅದಕ್ಕಾಗಿ ಜೀಪನ್ನೇ ಆರಿಂಚು ಮೇಲೆತ್ತಿದ್ದಾಯಿತು. ಚಹಾದ ಸುದ್ದಿ ತಿಳಿದು ಮಹಡಿ ಮನೆಯ ನಿವೃತ್ತ ಬಸ್ ಡ್ರೈವರ್ ಇಳಿದು ಬಂದರು. ಟೈಲರ್ ಅಳತೆ ಪುಸ್ತಕ ತೆರೆದು, ತಂಗಿಯ ಪುಟದಲ್ಲಿ ಕಾಲಿನ ಉದ್ದ ಹುಡುಕಿ, ಟೇಪಿನಿಂದ ಜೀಪಿನ ಎತ್ತರ ಅಳೆದು ಬೆವತುಹೋದ.

"ಅವಳು ಹತ್ತೋಕೆ ಏಣಿ ಬೇಕು!"

"ಏಣಿ ಯಾಕ್ರೀ? ಬಸ್ಸಿಗೆ ಇರೋ ಹಂಗೆ ಫುಟ್‌ಬೋರ್ಡ್ ಹಾಕ್ಸಿ" ಎಂದರು ಡ್ರೈವರ್. ಹಾಕಿಸಿದ್ದಾಯಿತು. ಅವರೇ ಹತ್ತಿ ಕೂತು, "ಬಾನೆಟ್ ಬಿಟ್ರೆ ಏನೂ ಕಾಣ್ತಿಲ್ಲ, ಸೀಟು ಎತ್ತರಿಸಿ" ಎಂದರು. ಸೀಟು ಎತ್ತರಿಸಿದರೆ ತಲೆ ಟಾಪಿಗೆ ತಾಗಿತು. ಟೈಲರ್ ಕ್ಯಾನ್ವಾಸ್ ಬಿಚ್ಚಿ, ಬೆಳೆಯುವ ಮಕ್ಕಳ ಯೂನಿಫಾರ್ಮಿನ ಮಡಿಕೆ ಬಿಡುವಂತೆ ನಾಲ್ಕಿಂಚು ಬಿಟ್ಟು ಹೊಲಿದ. ಎರಡನೇ ಸುತ್ತಿನ ಚಹಾ ಬಂತು.

ಮೂರನೇ ಸುತ್ತಿಗೆ ಪಕ್ಕದ ಮನೆಯ ಭೂಗೋಳದ ಟೀಚರಮ್ಮ ಸೇರಿಕೊಂಡರು. ಅವರು ಜೀಪು ಹತ್ತಿದವರಲ್ಲ. ಆದರೆ ಬೆಟ್ಟಗಳ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದವರು.

"ಕೆಸರಲ್ಲಿ ಸಿಕ್ಕಿಹಾಕ್ಕೊಂಡ್ರೆ ಏನ್ ಗತಿ? ವಿಂಚ್ ಇಲ್ದೆ ಕಳಿಸ್ತೀರಾ, ಅದೂ ಒಡಹುಟ್ಟಿದೋಳನ್ನ?"

ಒಡಹುಟ್ಟಿದವಳು ಎಂದ ಮೇಲೆ ಮುಗಿಯಿತು. ತಂತಿ ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಆ ಯಂತ್ರವೊಂದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಜೀಪಿನ ಮೂತಿಗೆ ಬಿಗಿದರು. ಪರೀಕ್ಷೆ ಮಾಡಬೇಕಲ್ಲ? ಮೆಕ್ಯಾನಿಕ್ ಕೊಕ್ಕೆಯನ್ನು ಒಯ್ದು ಟೈಲರ್ ಅಂಗಡಿಯ ತಗಡಿನ ಚಪ್ಪರದ ಕಂಬಕ್ಕೆ ಸಿಕ್ಕಿಸಿದ. ಡ್ರೈವರ್ ಬ್ರೇಕ್ ಹಿಡಿದು ಕೂತರು. ವಿಂಚು ಗರ್ರೆಂದಿತು. ಜೀಪು ಮಿಸುಕಲಿಲ್ಲ. ಚಪ್ಪರವೇ ಬಂತು, ಅದರ ಹಿಂದೆ ಬೋರ್ಡು, ಬೋರ್ಡಿನ ಹಿಂದೆ ಒಂದು ಬುಟ್ಟಿ ಧೂಳು.

ಧೂಳಿನೊಳಗಿಂದ ಡ್ರೈವರ್ ದನಿ ಕೇಳಿಸಿತು: "ಮಾಸ್ಟ್ರೇ, ಬ್ರೇಕ್ ಚೆನ್ನಾಗಿದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೈಲರೂ ನಕ್ಕ. ಹೋದ ಚಪ್ಪರ ಹೋಯಿತು, ತನ್ನ ಅಂಗಡಿಯ ಮುಂದೆ ಇಷ್ಟು ಜನ ನಕ್ಕು ಎಷ್ಟು ಕಾಲವಾಯಿತು ಎಂದುಕೊಂಡ. ನಿಜವಾಗಿಯೂ ಅವನಿಗೆ ಸಂತೋಷವಾಗಿತ್ತು.

"ಅಣ್ಣಾ! ಅಂಗಡಿಗೇನಾಯ್ತು?"

ತಂಗಿ ಚೀಲ ಹಿಡಿದು ನಿಂತಿದ್ದಳು. ಉತ್ತರಕ್ಕೂ ಕಾಯದೆ ಅವಳ ಕಣ್ಣು ಜೀಪಿನ ಮೇಲೆ ಹೋಯಿತು. ಟೈರು ಮುಟ್ಟಿದಳು, ವಿಂಚು ಸವರಿದಳು, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಹತ್ತಿ ಕೂತಳು. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಅವಳ ಕಣ್ಣು ತುಂಬಿ ಬಂತು.

"ನಾನು ಹೇಳಿದ್ದು ಅರ್ಧ ಮಾತು ಅಣ್ಣಾ. ನೀನು ಪೂರ್ತಿ ಅರ್ಥ ಮಾಡ್ಕೊಂಡೆ."

"ಮತ್ತೆ? ಭಾನುವಾರ..." ಎಂದು ಟೈಲರ್ ಬಾಯಿ ತೆರೆದ.

"ನಮ್ಮ ಬೆಟ್ಟದ ಆಚೆ ದೊಡ್ಡ ಬೆಟ್ಟ ಇದೆಯಲ್ಲ, ಅಲ್ಲಿ ನಾಲ್ಕು ಸಾವಿರ ಕುರಿಗೆ ಒಬ್ಬ ಡಾಕ್ಟರೂ ಇಲ್ಲ. ನಾನೇ ಹೋಗ್ತೀನಿ ಅಂದ್ರೆ ಸಾಹೇಬ್ರು ಬಿಡ್ತಿರಲಿಲ್ಲ. ಬರೀ ಜೀಪಾದ್ರೆ ಸಾಲ್ದು, ದೊಡ್ಡ ಟೈರು, ವಿಂಚು ಎಲ್ಲ ಇದ್ರೆ ಮಾತ್ರ ಅಂದ್ರು. ಅದನ್ನೆಲ್ಲ ಎಲ್ಲಿಂದ ಮಾಡ್ಸೋದು ಅಂತ ಬಸ್ಸಲ್ಲಿ ಅದೇ ಯೋಚ್ನೆ. ನೀನು ನೋಡಿದ್ರೆ ಮಾಡ್ಸಿ ಇಟ್ಟಿದ್ದೀಯ!"

"ಅಲ್ಲಿಂದ ಇಲ್ಲಿಗೆ...?"

"ವರ್ಷಕ್ಕೊಂದ್ಸಲ ಬರೋಕಾಗುತ್ತೆ. ಫೋನ್ ಮಾತ್ರ ಸಿಗಲ್ಲ."

ಟೀಚರಮ್ಮ ಸೆರಗು ಸರಿಮಾಡಿಕೊಂಡರು. ಮೆಕ್ಯಾನಿಕ್ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ. ಟೈಲರ್ ತಂಗಿಯ ಮುಖ ನೋಡಿದ. ಅಷ್ಟು ಖುಷಿಯನ್ನು ಆ ಮುಖದಲ್ಲಿ ಅವನು ಕಂಡೇ ಇರಲಿಲ್ಲ.

"ಅದಕ್ಕೇ ತಾನೇ ಮಾಡ್ಸಿದ್ದು" ಎಂದ.

"ಹಂಗಾದ್ರೆ ಈ ಪಕ್ಕದ ಸೀಟು ಬಿಚ್ಚಿಸ್ಬಿಡು. ಔಷಧಿ ಪೆಟ್ಟಿಗೆಗೆ ಜಾಗ ಬೇಕು."

ಮೆಕ್ಯಾನಿಕ್ "ಐದು ನಿಮಿಷ" ಎಂದು ನಾಲ್ಕು ಬೋಲ್ಟು ಬಿಚ್ಚಿದ. ಅಂದು ಹೇಳಿದ ಹೊತ್ತಿಗೆ ಮುಗಿದ ಕೆಲಸ ಅದೊಂದೇ. ಹೊರಡುವ ಮುಂಚೆ ತಂಗಿ ಅಣ್ಣನ ಕೊರಳಿನ ಟೇಪು ತೆಗೆದು, ಅವನನ್ನು ತಿರುಗಿಸಿ ನಿಲ್ಲಿಸಿ, ಭುಜದಿಂದ ಭುಜಕ್ಕೆ ಹಿಡಿದಳು.

"ಒಂದಿಂಚು ಇಳಿದಿದ್ದೀಯ. ಇನ್ಮೇಲೆ ಅಂದಾಜಲ್ಲಿ ಹೊಲ್ಕೋಬೇಡ" ಎಂದು ಪುಸ್ತಕದಲ್ಲಿ ಬರೆದಿಟ್ಟಳು.

ಓಣಿಯ ಕೊನೆಯ ಏರನ್ನು ಜೀಪು ಉಸಿರೂ ಕಟ್ಟದೆ ಹತ್ತಿತು. ಸುತ್ತುವರಿದು ನಿಲ್ಲಲು ಜೀಪೇ ಇಲ್ಲದ ಮೇಲೆ ಯಾರು ನಿಲ್ಲುತ್ತಾರೆ? ಡ್ರೈವರ್ ಮಹಡಿ ಹತ್ತಿದರು, ಟೀಚರಮ್ಮ ಬಾಗಿಲು ಹಾಕಿಕೊಂಡರು. ಟೈಲರ್ ಬಿಚ್ಚಿದ ಸೀಟನ್ನು ಅಂಗಡಿಯ ಬಾಗಿಲಿಗೆ ಎಳೆದುಕೊಂಡು, ಬಿದ್ದ ಚಪ್ಪರ ನೋಡುತ್ತ ಒಬ್ಬನೇ ಕೂತ.

ಮರೆತುಹೋದ ಸ್ಪ್ಯಾನರಿಗೆಂದು ಮೆಕ್ಯಾನಿಕ್ ವಾಪಸ್ ಬಂದ. ಸೀಟಿನ ಹೊದಿಕೆ ಸವರಿ ಹೇಳಿದ: "ಹೊಸಾ ಸೀಟು, ಸುಮ್ನೆ ಹಾಳಾಗುತ್ತೆ ಮಾಸ್ಟ್ರೇ. ಇದಕ್ಕೊಂದು ಗಾಡಿ ನೋಡೋಣ್ವಾ?"

ಇದು ಗುಂಡಿ ಸಿಕ್ಕಿತೆಂದು ಕೋಟು ಹೊಲಿಸುವ ಮಾತು ಎಂದು ಟೈಲರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಓಡಿಸಲೂ ಅವನಿಗೆ ಬರುತ್ತಿರಲಿಲ್ಲ. ಆದರೂ ಸೀಟಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಕೂತ್ಕೋ, ಚಹಾ ತರಿಸ್ತೀನಿ" ಎಂದ. "ಟೈರಿಂದ ಶುರು ಮಾಡು."