ಔರಾದ ಬಸ್ಸು ಟೀವಿಗಿ ಹೋಗಿದ್ದು

ಟೀವಿಯವರಿಗಿ ಹಳಿ ಮಂದಿಯ ಹುಚ್ಚು ಹತ್ತಿದಾಗಿಂದ ನಮ್ಮಂಥವರ ಬಾಳಿನ್ಯಾಗ ಇಂಥವು ಒಂದರ ಹಿಂದ ಒಂದು ನಡದೇ ಅವ. ಆಯ್ತವಾರ ಬಂತಂದ್ರ ಸಾಕು, ಮೂವತ್ತು ವರ್ಷದ ಹಿಂದ ಕುಣದು ಹಾಡಿ ಹೆಸರು ಮಾಡಿದವರನ್ನ ಹುಡುಕಿ ತಂದು ನಿಂದರಿಸ್ತಾರ. ಹೊಟ್ಟಿ ಬಂದಾವ, ಕೂದಲು ಹೋಗ್ಯಾವ, ಉಳದ ನಾಕು ಕೂದಲಿಗಿ ಬಣ್ಣ ಹಚ್ಚ್ಯಾರ. ಹಾಡು ಶುರು ಆಗೋದರಾಗ ಒಬ್ಬಂವಗ ದಮ್ಮು, ಮುಗಿಯೋದರಾಗ ಇನ್ನೊಬ್ಬಂವಗ ಅಳು. ನಾನೂ ನನ್ನ ಮನಿಯಾಕಿನೂ ಭಾಲ್ಕ್ಯಾಗ ನಮ್ಮ ಮನ್ಯಾಗ ಕುಂತು ನಗತಿದ್ದೆವು. "ಮೊಮ್ಮಕ್ಕಳನ್ನ ಆಡಿಸೋದು ಬಿಟ್ಟು ಇವರಿಗಿ ಯಾಕ ಬೇಕ್ರಿ ಇದು?" ಅಂತಿದ್ದಳು ಆಕಿ. ಹೌದೌದು ಅಂತಿದ್ದೆ ನಾನು. ಮುಂದಿನ ಪಾಳಿ ನಮ್ಮದೇ ಅಂತ ಯಾರಿಗಿ ಗೊತ್ತಿತ್ತು.

೧. ನಾವು ಪಾಪ್ ಆಗಿದ್ದು

ನಾ ರಿಟೈರಾದ ಸಾಲಿ ಮಾಸ್ತರ, ಮೂಲ ಹಲಬರ್ಗಾದಂವ. ಹರೇದಾಗ ಮೂರು ಮಂದಿ ಗೆಳೆಯರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ನಾ ಕೀಬೋರ್ಡ್ ಬಾರಸ್ತಿದ್ದೆ. ಬೀದರದಂವ ಒಬ್ಬ ಡ್ರಮ್ ಬಾರಸ್ತಿದ್ದ, ಈಗ ಅಂವ ಶಾಮಿಯಾನದ ಧಂದೆ ಮಾಡ್ತಾನ. ಹಾಡಾಂವ ಔರಾದದಂವ. ಲಗ್ನ, ತೊಟ್ಟಿಲು, ಗಣಪತಿ, ಜಯಂತಿ, ಎಲ್ಲಿ ಕರದ್ರೂ ಹೋಗತಿದ್ದೆವು. ಕನ್ನಡ, ಮರಾಠಿ, ಹಿಂದಿ, ತೆಲುಗು, ಯಾವ ಭಾಷಾದಾಗ ಕೇಳಿದ್ರೂ ಹಾಡತಿದ್ದೆವು. ಅರ್ಥ ಕೇಳಿದ್ರ ಮಾತ್ರ ಹೇಳತಿದ್ದಿಲ್ಲ.

ನಮ್ಮದು ಅಂತ ಸ್ವಂತ ಹಾಡು ಒಂದೇ ಇತ್ತು. ಔರಾದಕ್ಕ ರೈಲು ಆಗೂ ಇದ್ದಿಲ್ಲ, ಈಗೂ ಇಲ್ಲ. ಏನಿದ್ರೂ ಬಸ್ಸು. ಆ ಬಸ್ಸಿಗಿ ಕಾದು ಕಾದು ಸಾಕಾಗಿ ಹಾಡಾಂವನೇ ಕಟ್ಟಿದ ಹಾಡು ಅದು. ಅಂವ "ಬಂತೇನ, ಬಂತೇನ, ಔರಾದ ಬಸ್ಸು ಬಂತೇನ?" ಅಂತ ಕೇಳಿ ಮೈಕು ಮಂದಿ ಕಡಿ ಹಿಡೀತಿದ್ದ. ಕುಂತವರೆಲ್ಲ ಒಂದೇ ದನಿಲೆ "ಇನ್ನಾ ಇಲ್ಲ" ಅಂತಿದ್ರು. ಆ ಉತ್ತರಕ್ಕ ಚಪ್ಪರ ನಡಗತಿತ್ತು. ಕ್ಯಾಸೆಟ್ಟೂ ಮಾಡಿಸಿದ್ದೆವು. ಒಂದೆರಡು ವರ್ಷ ಬೀದರ ಜಿಲ್ಲಾದಾಗ ಚಹಾದ ಹೊಟೇಲು, ಟೆಂಪೊ, ಕಟಿಂಗ್ ಅಂಗಡಿ, ಎಲ್ಲಿ ಹೋದ್ರೂ ಅದೇ. ಆಮ್ಯಾಲ ಕ್ಯಾಸೆಟ್ಟೇ ಹೋದವು. ನಮ್ಮನ್ನ ಯಾರು ಕೇಳತಾರ.

ಒಂದಿನ ಬೆಂಗಳೂರಿಂದ ಫೋನ್ ಬಂತು. ಹುಡುಗಿ ದನಿ. "ಸರ್, ನೀವು ತೊಂಬತ್ತರ ದಶಕದ ಪಾಪ್ ಗ್ರೂಪ್ ಅಲ್ವಾ?"

"ಅಲ್ಲವ್ವಾ, ನಾವು ಆರ್ಕೆಸ್ಟ್ರಾದವರು."

"ಅದನ್ನೇ ನಾವೀಗ ಪಾಪ್ ಅಂತೀವಿ ಸರ್. ನಿಮ್ಮ ಕ್ಯಾಸೆಟ್ ಒಂದನ್ನ ಯಾರೋ ಮೊಬೈಲ್‌ಗೆ ಹಾಕಿದಾರೆ. ನಮ್ಮ ಪ್ರೋಗ್ರಾಮಿಗೆ ಬಂದು ಹಾಡ್ಬೇಕು. ಲೈವ್ ಇರುತ್ತೆ, ಮೂರು ನಿಮಿಷ."

ಫೋನ್ ಇಟ್ಟ ಮ್ಯಾಲ ಮನಿಯಾಕಿ, "ಏನಂತರಿ?" ಅಂದಳು.

"ನಾವು ಪಾಪ್ ಅಂತ."

ಆಕಿ ಹೆಸರುಬ್ಯಾಳಿ ಆರಸೋದು ಬಿಟ್ಟು ನನ್ನ ಮಾರಿ ನೋಡಿದಳು. "ಮಾಸ್ತರ ಅಂತ ಹೇಳಿ ಲಗ್ನ ಮಾಡಿಕೊಂಡ್ರಿ. ಇನ್ನಾ ಏನೇನು ಮುಚ್ಚಿಟ್ಟೀರಿ, ಇವತ್ತೇ ಹೇಳಿಬಿಡ್ರಿ" ಅಂದಳು.

೨. ಗಿರಣಿ

ಹಾಡಾಂವಗ ಹೇಳಲಾಕ ಔರಾದಕ್ಕ ಹೋದೆ. ಅಂವ ಅಲ್ಲಿ ಹಿಟ್ಟಿನ ಗಿರಣಿ ನಡಸ್ತಾನ. ಗಿರಣಿ ಸಪ್ಪಳದಾಗ ಮೂವತ್ತು ವರ್ಷ ಕಳದು ಕಿವಿ ಜರಾ ಮಂದ ಆಗ್ಯಾವ, ದನಿ ಮಾತ್ರ ಮೊದಲಿನಕಿಂತ ದೊಡ್ಡದಾಗ್ಯದ. ಮಾರಿ, ಮೀಸಿ, ಹುಬ್ಬು ಎಲ್ಲ ಜೋಳದ ಹಿಟ್ಟು.

"ಟೀವ್ಯಾಗ ಹಾಡಬೇಕಂತ" ಅಂದೆ.

"ಯಾವ ಜೋಳ?" ಅಂದ.

"ಟೀವಿ, ಟೀವಿ."

"ಅದು ಬ್ಯಾಡ, ನುಣ್ಣಗ ಬರಂಗಿಲ್ಲ."

ಗಿರಣಿ ಬಂದ್ ಮಾಡಿಸಿ ಹೇಳಬೇಕಾಯ್ತು. ಕೇಳಿ ಅಂವ ಜೋಳದ ಚೀಲದ ಮ್ಯಾಲ ಕುಂತ. ಖುಷಿ ಆಗಬಹುದು ಅಂತ ತಿಳದಿದ್ದೆ. ಆಗಲಿಲ್ಲ.

"ಮಾಸ್ತರ, ಒಂದು ಮಾತು ಕೇಳ್ತೇನಿ, ಖರೇ ಹೇಳು. ಈ ಊರಾಗ ದಿನಾ ನೂರು ಮಂದಿ ಈ ಗಿರಣಿಗಿ ಬರ್ತಾರ. ಜಾಡಿಸಿ ಹಾಕು, ಉರುಟು ಬೀಸು, ಲಗೂ ಕೊಡು ಅಂತಾರ. ಒಬ್ಬರು, ಒಬ್ಬರೇ ಒಬ್ಬರು, ನೀ ಆ ಬಸ್ಸಿನ ಹಾಡು ಹಾಡಾಂವ ಅಲ್ಲೇನು ಅಂತ ಕೇಳಿಲ್ಲ. ಆ ಹಾಡು ಮಂದಿಗಿ ನೆನಪದ ಏನು? ನೆನಪಿದ್ರ ಬರ್ತೇನಿ. ಇಲ್ಲಂದ್ರ ಬೆಂಗಳೂರಿಗಿ ಹೋಗಿ ಯಾರಿಗಿ ಹಾಡ್ಲಿ?"

ಖರೇ ಹೇಳ್ತೇನಿ, ನನಗೂ ಅದೇ ಸಂಶಯ ಇತ್ತು.

ಅಷ್ಟರಾಗ ಪುಟ್ಟಿ ಹಿಡಕೊಂಡು ನಿಂತಿದ್ದ ಹೆಣ್ಮಗಳು ಒಬ್ಬಾಕಿ, "ಅಣ್ಣಾ, ನೀವು ಹಾಡ್ತೀರೇನ್ರಿ?" ಅಂದಳು. ಇಂವನ ಮಾರಿ ಅರಳಿತು. "ಹೌದ್ರಿ ಅಕ್ಕಾ" ಅಂದ.

"ಹಂಗಾದ್ರ ಹಾಡಕೋತ ಬೀಸ್ರಿ. ಗಿರಣಿ ಯಾಕ ಬಂದ್ ಇಟ್ಟೀರಿ" ಅಂದಳು.

೩. ಚೀಟಿ

ಕಡೀಕ ಒಂದು ಶರ್ತಿನ ಮ್ಯಾಲ ಒಪ್ಪಿದ. "ಚೀಟಿ ಬಂದ್ರ ಹಾಡ್ತೇನಿ."

ಚೀಟಿ ಅಂದ್ರ ಏನು ಅಂತ ಈಗಿನವರಿಗಿ ಹೇಳಬೇಕು. ಆರ್ಕೆಸ್ಟ್ರಾ ನಡದಾಗ ಮಂದಿ ತುಂಡು ಕಾಗದದ ಮ್ಯಾಲ ಬೇಕಾದ ಹಾಡು, ಅದರ ಕೆಳಗ ತಮ್ಮ ಹೆಸರು ಬರದು ಸ್ಟೇಜಿಗಿ ಕಳಸ್ತಿದ್ರು. ಹಾಡಾಂವ ಮೊದಲು ಆ ಹೆಸರು ಎಲ್ಲಾ ಓದಬೇಕು, ಆಮ್ಯಾಲ ಹಾಡು. ಖರೇ ಹೇಳಬೇಕಂದ್ರ ಮಂದಿ ಬರತಿದ್ದುದು ಹಾಡಿಗಲ್ಲ, ಮೈಕಿನ್ಯಾಗ ತಮ್ಮ ಹೆಸರು ಕೇಳಲಾಕ. ಎಂಥೆಂಥ ಚೀಟಿ ಬರತಿದ್ದವು ಅಂತೀರಿ. ಎಮ್ಮಿ ಕಳದದ, ಕಂಡವರು ತಿಳಸ್ರಿ ಅಂತ ಒಂದು. ಹಾಡು ಛಲೋ ಅದ, ಆದರ ನಮ್ಮ ಮಾವನವರು ಮಲಗ್ಯಾರ, ಜರಾ ಸಣ್ಣ ದನಿಲೆ ಹಾಡ್ರಿ ಅಂತ ಒಂದು.

ಒಂದು ಲಗ್ನದಾಗ ಚೀಟ್ಯಾಗ ಐದು ಮಂದಿ ಅಳಿಯಂದಿರ ಹೆಸರಿದ್ದವು. ಮೂರನೇ ಅಳಿಯನ ಹೆಸರು ಅಕ್ಷರ ತಿಳೀಲಾರದ್ದಕ್ಕ ಇಂವ ಬಿಟ್ಟು ಓದಿದ. ಆ ಅಳಿಯ ಉಣ್ಣಾಂವ ಎದ್ದು ಕೈ ತೊಳಕೊಂಡು ಹೋದಂವ ಎರಡು ವರ್ಷ ಅತ್ತಿ ಮನಿ ಹೊಸ್ತಿಲ ತುಳೀಲಿಲ್ಲ. ಕಡೀಕ ನಾವು ಮೂರೂ ಮಂದಿ ಸಾಮಾನು ಹೊತಗೊಂಡು ಅವನ ಊರಿಗಿ ಹೋಗಿ, ಮನಿ ಮುಂದ ನಿಂತು, ಅವನ ಒಬ್ಬನ ಹೆಸರು ಮೈಕಿನ್ಯಾಗ ಓದಿ ಒಂದು ಹಾಡು ಹಾಡಿ ಬಂದೆವು. ಅವತ್ತೇ ಹಾಡಾಂವ ಆಣಿ ಮಾಡಿದ: ಇನ್ನ ಮ್ಯಾಲ ಚೀಟಿ ಬಂತಂದ್ರ ಒಂದು ಹೆಸರೂ ಬಿಡಂಗಿಲ್ಲ.

ಹಿಂಗಾಗಿ ಡ್ರಮ್ಮಿನಂವ ಮೊಬೈಲ್ ಗ್ರೂಪಿನ್ಯಾಗ ಒಂದು ಸುದ್ದಿ ಬಿಟ್ಟ. ಟೀವ್ಯಾಗ ಹಾಡ್ತೇವಿ, ಚೀಟಿ ಕಳಸ್ರಿ. ಎಂಟು ದಿನದಾಗ ಗಿರಣಿಗಿ ಬಂದ ಚೀಟಿ ಒಂದು ರಟ್ಟಿನ ಡಬ್ಬಿ ತುಂಬಿದವು. ಜೋಳದ ಪುಟ್ಟ್ಯಾಗ ಇಟ್ಟು ಕಳಸ್ಯಾರ, ಕಂಡಕ್ಟರ ಕೈಲೆ ಕಳಸ್ಯಾರ. ಭಾಲ್ಕಿ, ಹಲಬರ್ಗಾ, ಔರಾದ, ಎಲ್ಲಾ ಕಡಿಂದ.

ನಾ ಖುಷಿಲೆ, "ನೋಡಪಾ, ನೆನಪಿಟ್ಟಾರ" ಅಂದೆ.

ಅಂವ ನಾಕೈದು ಚೀಟಿ ಬಿಚ್ಚಿ ನನ್ನ ಕೈಗಿ ಕೊಟ್ಟ. ಎಲ್ಲದರಾಗೂ ಇಡೀ ಮನಿತನದ ಹೆಸರು ಬರೋಬರ್ ಬರದಿದ್ರು. ಬೇಕಾದ ಹಾಡು ಅನ್ನೋ ಜಾಗಾದಾಗ ಮಾತ್ರ ಎಲ್ಲರೂ ಒಂದೇ ಬರದಿದ್ರು: ಯಾವುದಾದರೂ ನಡೀತದ.

೪. ಅಂಗಿ

ಹಳಿ ಮಿಂಚಿನ ಅಂಗಿ ಹಾಕೊಂಡೇ ಬರಬೇಕು ಅಂತ ಟೀವಿ ಹುಡುಗಿ ಹೇಳಿದ್ದಳು. ಡ್ರಮ್ಮಿನಂವ ಶಾಮಿಯಾನದ ಗೋದಾಮಿನ್ಯಾಗ ಮೂರೂ ಅಂಗಿ ಹುಡುಕಿ ತಗದ. ಯಾರಿಗೂ ಗುಂಡಿ ಹತ್ತಲಿಲ್ಲ. ದರ್ಜಿ ಹತ್ತರ ಹೋದೆವು. ಅಂವ ಮೂರೂ ಅಂಗಿ ನೋಡಿದ, ಮೂರೂ ಮಂದಿ ಹೊಟ್ಟಿ ನೋಡಿದ. "ಸಾಹೇಬ್ರ, ಮೂರು ಅಂಗಿ ಬಿಚ್ಚಿ ಹೊಲದ್ರ ಒಂದು ಆಗ್ತದ. ಯಾರು ಹಾಕೋತೀರಿ ನೀವೇ ಮಾತಾಡಿಕೊಳ್ರಿ" ಅಂದ.

ಹಾಡಾಂವಗ ಕೊಟ್ಟೆವು. ನಾವಿಬ್ಬರು ಶಾಮಿಯಾನದ ಮಿಂಚಿನ ಝಾಲರಿ ಬಟ್ಟ್ಯಾಗ ಹೊಸಾವು ಹೊಲಿಸಿಕೊಂಡೆವು. ಬೆಂಗಳೂರಾಗ ಅದನ್ನ ನೋಡಿ ಆ ಹುಡುಗಿ, "ವಾವ್ ಸರ್, ಒರಿಜಿನಲ್ ಅಂದ್ರೆ ಇದು" ಅಂದಳು.

೫. ಮೂರು ನಿಮಿಷ

ಸ್ಟುಡಿಯೋದಾಗ ಮೊದಲು ಪೌಡರ್ ಬಡಿಲಾಕತ್ತಿದ್ರು. ಹಾಡಾಂವಗ ಸಿಟ್ಟು ಬಂತು. "ಮೂವತ್ತು ವರ್ಷ ದಿನಾ ಸಂಜಿಕ ಮಾರಿ ಮ್ಯಾಲಿನ ಹಿಟ್ಟು ತೊಳದೀನಿ. ಇವತ್ತೊಂದಿನ ಸ್ವಚ್ಛ ಆಗಿ ಬಂದ್ರ ಮತ್ತ ಹಚ್ಚತಾರಲ್ಲೋ ಮಾಸ್ತರ" ಅಂದ.

ಆಮ್ಯಾಲ ಒಬ್ಬಾಂವ ಬಂದು, "ಸರ್, ಹಾಡು ಹಿಂದಿನಿಂದ ಪ್ಲೇ ಆಗುತ್ತೆ, ನೀವು ಬಾಯಿ ಆಡಿಸಿದ್ರೆ ಸಾಕು" ಅಂದ. ಬಾಯಿ ಆಡಿಸಲಾಕ ಔರಾದದಿಂದ ಬರಬೇಕಿತ್ತೇನ್ರಿ, ಅಲ್ಲೇ ಕುಂತು ಆಡಸ್ತಿದ್ದೆ ಅಂದ ಇಂವ. ಆಯ್ತು, ನೀವೇ ಹಾಡಿ ಅಂದ್ರು.

ನಮ್ಮ ಪಾಳಿ ಬಂತು. ದೀಪ ಹತ್ತಿದವು. ಹಾಡಾಂವ ಮೈಕಿನ ಮುಂದ ಬಂದ, ಎಲ್ಲರಿಗೂ ಶರಣು ಶರಣಾರ್ಥಿ ಅಂದ, ಬಗಲಾಗಿನ ರಟ್ಟಿನ ಡಬ್ಬಿ ಬಿಚ್ಚಿದ. ಅಂವ ಡಬ್ಬಿ ತಂದದ್ದು ನೋಡಿದ್ದೆ. ಒಂದೆರಡು ಓದಿ ಇಡತಾನ ಅಂತ ತಿಳದಿದ್ದೆ. ಮೂರನೇ ಅಳಿಯನ್ನ ನಾ ಮರತಿದ್ದೆ, ಅಂವ ಮರತಿದ್ದಿಲ್ಲ.

ಓದಲಾಕತ್ತಿದ. ಹಲಬರ್ಗಾದ ಇಂಥವರು, ಅವರ ತಾಯಿಯವರು, ಮೂರು ಮಂದಿ ಸೊಸ್ತೇರು. ಭಾಲ್ಕಿಯ ಬುದ್ಧವಿಹಾರದ ಓಣಿಯ ಹೆಣ್ಮಕ್ಕಳು, ಒಬ್ಬೊಬ್ಬರ ಹೆಸರೂ. ಔರಾದದ ಗಂಜ್ ಮಾರ್ಕೆಟ್ಟಿನ ಹಮಾಲರು, ಹದಿನಾಲ್ಕು ಮಂದಿ. ಕ್ಯಾಮೆರಾದ ಹಿಂದ ನಿಂತು ಆ ಹುಡುಗಿ ಕೈ ತಿರುವಿ ತಿರುವಿ ಸುಸ್ತಾದಳು. ನಾ ಕೀಬೋರ್ಡ್ ಬಾರಿಸಿ ಸನ್ನಿ ಮಾಡಿದೆ. ಅಂವ ತಿರುಗಿ, "ತಡಿ ಮಾಸ್ತರ, ಇನ್ನಾ ಹಮಾಲರು ಮುಗದಿಲ್ಲ" ಅಂದ. ಅದೂ ಮೈಕಿನ್ಯಾಗೇ.

ಕಡೀ ಚೀಟಿ ಓದಿ ಡಬ್ಬಿ ಕೆಳಗಿಟ್ಟಾಗ ಒಂದು ಸಾಲಿನಷ್ಟು ಟೈಮ್ ಉಳದಿತ್ತು. ಡ್ರಮ್ಮಿನಂವ ಬಡದ. ಅಂವ ಕಣ್ಣು ಮುಚ್ಚಿ ಹಾಡಿದ. "ಬಂತೇನ, ಬಂತೇನ, ಔರಾದ ಬಸ್ಸು ಬಂತೇನ?" ಮೊದಲಿನಂಗೇ ಮೈಕು ಮಂದಿ ಕಡಿ ಹಿಡದ, ಇನ್ನೊಂದು ಕೈ ಕಿವಿಗಿ ಹಚ್ಚಿ ನಿಂತ.

ಸ್ಟುಡಿಯೋದಾಗ ಕುಂತವರಿಗಿ ಔರಾದ ಯಾವ ದಿಕ್ಕಿನ್ಯಾಗದ ಅಂತನೂ ಗೊತ್ತಿದ್ದಿಲ್ಲ. ಚಪ್ಪಾಳಿ ಹೊಡಸಲಾಕ ಎದುರಿಗಿ ನಿಂತಿದ್ದ ಟೀವಿಯಂವ ಕೈ ಎತ್ತಿದ, ಅವರು ಚಪ್ಪಾಳಿ ಹೊಡದ್ರು. ನಾವು ಕೇಳಿದ್ದು ಚಪ್ಪಾಳಿ ಅಲ್ಲ, ಉತ್ತರ. ನಾನರೇ ಹೇಳಬಹುದಿತ್ತು, ಆದರ ಆ ಉತ್ತರ ಮಂದಿದು, ನಾವು ಎಂದೂ ಅದನ್ನ ಮುಟ್ಟಿದವರಲ್ಲ. ಅಂವ ಕಿವಿ ಮ್ಯಾಲಿನ ಕೈ ತಗೀಲಿಲ್ಲ. ಅಷ್ಟರಾಗ ಬಟ್ಟಿ ತೊಳಿಯೋ ಪೌಡರಿನ ಜಾಹೀರಾತು ಬಂತು.

೬. ಬಂತೇನ

ಬರೋವಾಗ ರೈಲಿನ್ಯಾಗ ಅಂವ, "ಜನುಮದಾಗ ಸಿಕ್ಕಿದ್ದು ಮೂರು ನಿಮಿಷ, ಮಾಸ್ತರ. ಅದನ್ನೂ ಹೆಸರು ಓದಿ ಕಳಕೊಂಡೆ" ಅಂದ. ಓದಬಾರದಿತ್ತು ಅಂತ ನಾ ಹೆಂಗ ಅನ್ಲಿ. ಆ ಚೀಟ್ಯಾಗ ನನ್ನ ಮನಿಯಾಕಿ ಹೆಸರೂ ಇತ್ತು.

ಬೀದರದಾಗ ಇಳದಾಗ ಮುಂಜಾನಿ. ಡ್ರಮ್ಮಿನಂವ ತನ್ನ ಮನಿಗಿ ಹೋದ. ನಾನೂ ಭಾಲ್ಕಿಗಿ ಹೋಗಬೇಕಿತ್ತು, ಆದರ ಇಂವನ ಮಾರಿ ನೋಡಿ ಒಬ್ಬಂವನ್ನೇ ಬಿಡಲಾಕ ಮನಸ್ಸಾಗಲಿಲ್ಲ. ಆಟೋ ಮಾಡಿ ಬಸ್ ಸ್ಟ್ಯಾಂಡಿಗಿ ಕರಕೊಂಡು ಹೋದೆ. ಅದೇ ಮಿಂಚಿನ ಅಂಗಿ ಮೈಮ್ಯಾಲಿತ್ತು, ಬಗಲಾಗ ಡಬ್ಬಿ. ಬಸ್ ಸ್ಟ್ಯಾಂಡ್ ಮಂದಿಲೆ ತುಂಬಿತ್ತು. ಅಂವ ಯಾರನ್ನೂ ನೋಡಲಿಲ್ಲ. ವಿಚಾರಣಾ ಕಿಡಕಿ ಮುಂದ ಹೋಗಿ, ಸುಸ್ತಾದ ದನಿಲೆ, ಆದರ ಗಿರಣಿಯಂವನ ದನಿ ಅಲ್ಲೇನು, ಇಡೀ ಬಸ್ ಸ್ಟ್ಯಾಂಡಿಗಿ ಕೇಳಂಗ ಕೇಳಿದ: "ಔರಾದ ಬಸ್ಸು ಬಂತೇನ್ರಿ?"

ಹಿಂದಿನಿಂದ ಯಾರೋ ಅಂದ್ರು, "ಇನ್ನಾ ಇಲ್ಲ."

ಆಮ್ಯಾಲ ಬಾಕಿನ ಮ್ಯಾಲ ಕುಂತವರು ಅಂದ್ರು. ಚಹಾದಂಗಡಿಯವರು ಅಂದ್ರು. ಚೀಲ ಹೊತ್ತವರು, ಬಾಳೆಹಣ್ಣು ಮಾರೋರು, ಕಾಲೇಜಿನ ಹುಡುಗಿಯರು, ಎಲ್ಲರೂ ಒಂದೇ ದನಿಲೆ, "ಇನ್ನಾ ಇಲ್ಲ."

ಅಂವ ನನ್ನ ತೋಳು ಹಿಡದು, "ಮಾಸ್ತರ, ನನಗ ಕೇಳಿಸ್ತು" ಅಂದ. ಕಣ್ಣಾಗ ನೀರು. ನನಗೂ ಬಂತು, ಯಾಕ ಮುಚ್ಚಿಡಲಿ. ಇನ್ನೊಮ್ಮೆ ಕೇಳಿದ, ಈಗ ರಾಗ ಹಚ್ಚಿ. ಮಂದಿ ಇನ್ನೊಮ್ಮೆ ಉತ್ತರ ಕೊಟ್ರು. ಅಂವ ಕೇಳೋದು, ಇವರು ಹೇಳೋದು, ಹತ್ತು ನಿಮಿಷ ಅದೇ ನಡೀತು. ನಡನಡುವ ಮಂದಿ ಬಂದು ಅವನ ಕೈ ಹಿಡದು, ನಮ್ಮವ್ವನ ಹೆಸರು ಓದಿದ್ರಿ, ನಮ್ಮ ಹಮಾಲರ ಹೆಸರು ಓದಿದ್ರಿ ಅಂತಿದ್ರು.

ಗದ್ದಲ ಜರಾ ಕಮ್ತಿ ಆದಾಗ ಕಿಡಕ್ಯಾಗಿನಂವ ಮಾರಿ ಹೊರಗ ಹಾಕಿದ. "ಔರಾದ ಬಸ್ಸು ಆಗಳೇ ಬಂದು ಹೋಯ್ತಲ್ರಿ. ಮೈಕಿನ್ಯಾಗ ಮೂರು ಸಲ ಕೂಗೀನಿ. ನಾ ಬಂತು ಅಂದಾಗೆಲ್ಲ ನೀವು ಇನ್ನಾ ಇಲ್ಲ ಅಂತೀರಿ. ಡ್ರೈವರ್ ನೋಡೋ ತನಕ ನೋಡಿ ಖಾಲಿ ಗಾಡಿ ತಗೊಂಡು ಹೋದ."

ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಗಂಟು ಹೊತ್ತ ಮುದುಕಿ ಒಬ್ಬಾಕಿ ಗಂಟು ಕೆಳಗಿಳಿಸಿ ಅದರ ಮ್ಯಾಲೇ ಕುಂತಳು. "ಇನ್ನೊಂದು ಬಸ್ಸಿಗಿ ತಾಸಿನ ಮ್ಯಾಲದ. ತಮ್ಮಾ, ನಿನ್ನೆ ಟೀವ್ಯಾಗ ಅರ್ಧಕ್ಕ ಬಿಟ್ಟಿ. ಈಗ ಪೂರಾ ಹಾಡು" ಅಂದಳು.

ಅಂವ ಕಣ್ಣು ಒರಸಿಕೊಂಡು ಅಂಗಿ ಸರಿ ಮಾಡಿಕೊಂಡ. "ಹಾಡ್ತೇನ್ರಿ ಅವ್ವಾ. ಮೊದಲು ಚೀಟಿ ಕೊಡ್ರಿ."

ಕಾಲೇಜಿನ ಹುಡುಗಿ ಒಬ್ಬಾಕಿ ಹಳಿ ಟಿಕೇಟಿನ ಹಿಂದ ಏನೋ ಗೀಚಿ ಕೊಟ್ಟಳು. ಅಂವ ಅದನ್ನ ದೂರ ಹಿಡದು ಗಟ್ಟಿಯಾಗಿ ಓದಿದ: "ಬೇಕಾದ ಹಾಡು, ಔರಾದ ಬಸ್ಸು. ಕೇಳಿದವರು, ಔರಾದ ಬಸ್ಸು ತಪ್ಪಿಸಿಕೊಂಡವರೆಲ್ಲರೂ."