ತಟ್ಟೆಯ ಖಾಲಿ ಜಾಗ

ಅನ್ನ ಸೀದದ್ದು ಪುಸ್ತಕದಿಂದ. ಅದರಲ್ಲಿ ಅನುಮಾನವೇ ಇಲ್ಲ.

ಅಟ್ಟೂರಿನ ಆ ಬೀದಿಯ ಮೂರು ಮನೆಯವರು ತಿಂಗಳಿಗೊಂದು ಭಾನುವಾರ ಒಟ್ಟಿಗೆ ಊಟ ಮಾಡುವುದು ವಾಡಿಕೆ. ಹೋಟೆಲಿನಿಂದ ತರಿಸುವಂತಿಲ್ಲ. ಈ ಸಲದ ಸರದಿ ಸಂಗಮೇಶನದು. ಹೆಂಡತಿ ಅಕ್ಷಯಾ ತಂಗಿಯ ಸೀಮಂತಕ್ಕೆ ಕಲಬುರಗಿಗೆ ಹೋಗಿದ್ದಳು. "ಅನ್ನ, ಸಾರು ಅಷ್ಟ ಮಾಡ್ರಿ. ರೊಟ್ಟಿ, ಶೇಂಗಾ ಚಟ್ನಿ ಇಟ್ಟೇನಿ. ಎಲ್ಲಾರ ಮನ್ಯಾಗೂ ಉಂಡೇನಿ, ನನ್ನ ಮರ್ಯಾದಿ ಕಳೀಬ್ಯಾಡ್ರಿ" ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಸಂಗಮೇಶ ಒಲೆ ಹಚ್ಚಿ, ಲೈಬ್ರರಿಯಿಂದ ತಂದಿದ್ದ ಜಪಾನಿ ಊಟದ ಪುಸ್ತಕ ಹಿಡಿದು ಕೂತ. ಕೈಸೆಕಿ ಎಂಬ ಸೊಗಸಿನ ಊಟ. ಹಿಂದೆ ಸನ್ಯಾಸಿಗಳು ಹಸಿವು ತಡೆಯಲು ಹೊಟ್ಟೆಯ ಮೇಲೆ ಬಿಸಿ ಕಲ್ಲು ಇಟ್ಟುಕೊಳ್ಳುತ್ತಿದ್ದರಂತೆ, ಹೆಸರು ಬಂದದ್ದು ಅಲ್ಲಿಂದಂತೆ. ಅವನು ತಲೆಯೆತ್ತುವಷ್ಟರಲ್ಲಿ ಸಾರು ಇದ್ದಿಲಾಗಿತ್ತು. ಅನ್ನದಲ್ಲಿ ಮೇಲಿನ ಎರಡು ಹಿಡಿ ಮಾತ್ರ ಬೆಳ್ಳಗಿತ್ತು. ರೊಟ್ಟಿ ಉಳಿದಿದ್ದದ್ದು ಎರಡೇ, ಮಿಕ್ಕದ್ದನ್ನು ಹಿಂದಿನ ದಿನ ತಾನೇ ಮುಗಿಸಿದ್ದ.

ಗೇಟು ಸದ್ದಾಯಿತು. ಪಕ್ಕದ ಮನೆಯ ಬ್ಯಾಟರಾಯಪ್ಪ, ಅವರ ಹೆಂಡತಿ ಗೋಪಾಲಮ್ಮ, ಎದುರು ಮನೆಯ ನಿವೃತ್ತ ಲೆಕ್ಕದ ಟೀಚರ್ ಜೈಬುನ್ನೀಸಾ. ಬ್ಯಾಟರಾಯಪ್ಪ ಈ ಊಟಕ್ಕೆಂದೇ ಬೆಳಗಿನ ತಿಂಡಿ ಬಿಟ್ಟಿದ್ದರು. ಸಂಗಮೇಶ ಸೀದ ಪಾತ್ರೆಗಳನ್ನು ಮುಚ್ಚಿಟ್ಟು ಬಾಗಿಲು ತೆರೆದ. ಕೈಯಲ್ಲಿ ಪುಸ್ತಕ ಇನ್ನೂ ಇತ್ತು.

ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಮುಂದೆಯೂ ಬಂದದ್ದು ದೊಡ್ಡ ತಟ್ಟೆ, ನಡುವೆ ಮಾವಿನ ಚಿಗುರೆಲೆ, ಅದರ ಮೇಲೆ ಬೆರಳುದ್ದ ರೊಟ್ಟಿ, ಒಂದು ಚಿಟಿಕೆ ಚಟ್ನಿ.

"ಇದೇನಪ್ಪಾ ಇಂಗೆ? ನೈವೇದ್ಯ ಆಯ್ತು, ಊಟ ಎಲ್ಲಿ?" ಎಂದರು ಬ್ಯಾಟರಾಯಪ್ಪ.

"ಜಪಾನಿನ ಕೈಸೆಕಿ ಊಟಾರೀ ಸರ್! ತಟ್ಟೆಯ ಖಾಲಿ ಜಾಗಾನೂ ಊಟದ ಭಾಗಾನ. ಮೊದಲು ಕಣ್ಣು ಉಣ್ಣಬೇಕು" ಎಂದು ಸಂಗಮೇಶ ಕಲ್ಲಿನ ಕತೆಯನ್ನೂ ಹೇಳಿದ.

"ನಮ್ಮನೆಯವರ ಹೊಟ್ಟೆಗೆ ಕಲ್ಲು ಸಾಲಲ್ಲ, ಬಂಡೆನೇ ಬೇಕು" ಎಂದರು ಗೋಪಾಲಮ್ಮ.

ಟೀಚರ್ ಪುಸ್ತಕ ತೆರೆದು ನೋಡಿದರು. "ಸರಿಯಾಗೇ ಹೇಳ್ತಿದಾನೆ ಕಣ್ರೀ. ಸುಮ್ನೆ ತಿನ್ನಿ." ಬೀದಿಯಲ್ಲಿ ಅವರ ಮಾತಿಗೆ ಎದುರಿಲ್ಲ.

ಮೂರು ಬಿಲ್ಲೆ ಸೌತೆಕಾಯಿ ಬಂತು. ಒಂದು ಚಮಚ ಮೊಸರು ಬಂತು. ಬಟ್ಟಲಿಗೊಂದು ತುತ್ತು ಅನ್ನ ಬಂತು. ಪ್ರತಿ ಸಲವೂ ಎಲ್ಲರೂ ಕಣ್ಣರಳಿಸಿ ನೋಡಿ, ನಿಧಾನಕ್ಕೆ ಅಗಿದರು. ಉಂಡವರು ಬಟ್ಟಲನ್ನು ತಾವೇ ಒರೆಸಿಡಬೇಕೆಂದು ಸಂಗಮೇಶ ಓದಿ ಹೇಳಿದ್ದೇ ತಡ, ಗೋಪಾಲಮ್ಮ ಎದ್ದು ಉಂಡ ತಟ್ಟೆ ಬಟ್ಟಲನ್ನೆಲ್ಲ ತೊಳೆದುಬಿಟ್ಟರು! ಅಷ್ಟಕ್ಕೇ ನಿಲ್ಲದೆ ಅಕ್ಷಯಾಗೆ ಫೋನು ಮಾಡಿ, "ಇಂಥ ಊಟ ಜನ್ಮದಲ್ಲೇ ಮಾಡಿರ್ಲಿಲ್ಲ ಕಣಮ್ಮಾ" ಎಂದು ಹೊಗಳಿದರು.

"ಭಾಳ ಶಾಣ್ಯಾ ಆಗೀರಲ್ರೀ!" ಎಂದಳು ಅಕ್ಷಯಾ, ಫೋನು ಗಂಡನ ಕೈಗೆ ಬಂದಾಗ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಹೊಗಳಿದ್ದು ಇದೇ ಮೊದಲ ಸಲ. ಸಂಗಮೇಶನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಟೀಚರ್ ಒಂದು ದಿನದ ಮಟ್ಟಿಗೆ ಪುಸ್ತಕ ಕೇಳಿದಾಗ ಧಾರಾಳವಾಗಿ ಕೊಟ್ಟ.

ಮರುದಿನ ಬೆಳಿಗ್ಗೆ ಏಳೂವರೆಗೆ ಆಫೀಸಿಗೆ ಹೊರಡುತ್ತಿದ್ದಾಗ ಗೇಟು ಮತ್ತೆ ಸದ್ದಾಯಿತು. ಮೂವರೂ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ನಿಂತಿದ್ದರು.

"ಕೊನೇ ಅಧ್ಯಾಯ ಓದಿಲ್ವೇನಪ್ಪಾ? ಉಂಡವರು ಮಾರನೇ ದಿನ ಮನೆಗೆ ಬಂದು ಧನ್ಯವಾದ ಹೇಳ್ಬೇಕಂತೆ" ಎಂದು ಟೀಚರ್ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಉಳಿದಿಬ್ಬರೂ ಬಗ್ಗಿದರು. ಬಗ್ಗಿದ ಬ್ಯಾಟರಾಯಪ್ಪ ಹಾಗೇ ಒಳಗೆ ನುಗ್ಗಿ ಕುರ್ಚಿಯಲ್ಲಿ ಕೂತರು. "ರಾತ್ರಿಯೆಲ್ಲಾ ಒಟ್ಟೆ ಮೇಲೆ ಕಲ್ಲಿಟ್ಕೊಂಡಂಗೇ ಮಲ್ಗಿದ್ದೆ ಕಣಪ್ಪಾ."

ಸಂಗಮೇಶ ಅಡುಗೆಮನೆಗೆ ಓಡಿ ಅಕ್ಷಯಾಗೆ ಫೋನು ಮಾಡಿದ.

"ಮನೀಗೆ ಬಂದೋರ್ನ ಬರೇ ಹೊಟ್ಟೀಲೆ ಕಳಿಸ್ತೀರೇನ್ರೀ? ರವಾ ಹುರೀರಿ!"

ಆಫೀಸಿಗೆ ರಜೆ ಹೇಳಿದ. ರವೆ ಹುರಿದ. ಈ ಸಲ ತಟ್ಟೆಯಲ್ಲಿ ಖಾಲಿ ಜಾಗ ಬಿಡಲು ಬ್ಯಾಟರಾಯಪ್ಪ ಒಪ್ಪಲಿಲ್ಲ. ಒಂದು ಬಾಣಲೆ ಉಪ್ಪಿಟ್ಟು ಖಾಲಿಯಾಯಿತು. ಅಂತೂ ಮುಗಿಯಿತಲ್ಲ ಎಂದು ಸಂಗಮೇಶ ತಾನೇ ಹೋಗಿ ಗೇಟು ತೆರೆದು ಹಿಡಿದ.

ಚಪ್ಪಲಿ ಮೆಟ್ಟುತ್ತಾ ಬ್ಯಾಟರಾಯಪ್ಪ ಟೀಚರ್ ಕಡೆ ತಿರುಗಿದರು.

"ಇವತ್ತೂ ತಿಂದ್ವಲ್ಲಾ ಟೀಚರ್, ಅಂಗಾದ್ರೆ ನಾಳೆ ಎಷ್ಟೊತ್ತಿಗೆ ಬರ್ಬೇಕು?"