ನೀಲಿ ಉರಿ, ಕೆಂಪು ಸುರುಳಿ

ಕೈ ತುಂಬ ಕೆಲಸ ಇರುವವನಿಗೆ ಹಗಲುಗನಸು ಕಾಣಲು ಪುರಸೊತ್ತು ಎಲ್ಲಿ ಎಂದು ಕೇಳುವವರು ಒಂದು ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೋಡಬೇಕು. ಕಾಲು ತುಳಿಯುತ್ತದೆ, ಬಲಗೈ ಹಗ್ಗ ಜಗ್ಗುತ್ತದೆ, ಎಡಗೈ ಹಲಗೆ ಬಡಿಯುತ್ತದೆ, ಲಾಳಿ ಅತ್ತಿಂದಿತ್ತ ಓಡುತ್ತದೆ. ಇಷ್ಟೆಲ್ಲ ನಡೆಯುವಾಗ ತಲೆಗೆ ಮಾತ್ರ ಏನೂ ಕೆಲಸವಿಲ್ಲ. ಅದು ಎದ್ದು ನಮ್ಮ ಗಜೇಂದ್ರಗಡದ ಗುಡ್ಡ ಹತ್ತಿ, ಕೋಟೆಯ ಗೋಡೆಯ ಮೇಲೆ ಅಡ್ಡಾಡಿ, ಊಟದ ಹೊತ್ತಿಗೆ ಮನೆಗೆ ಬರುತ್ತದೆ. ನಾನು ಸಾಲೆ ಬಿಟ್ಟದ್ದು ಮೂರನೆಯ ಇಯತ್ತೆಯಲ್ಲಿ. "ಈರಪ್ಪ, ನೀ ಕಿಡಕಿ ಹೊರಗ ನೋಡೂದ ಬಿಟ್ಟರ ಬ್ಯಾರೆ ಏನೂ ಕಲಿಯೂದಿಲ್ಲ ಬಿಡು" ಎಂದಿದ್ದರು ಮಾಸ್ತರರು. ಅಪ್ಪ ನನ್ನನ್ನು ತಂದು ಮಗ್ಗಕ್ಕೆ ಕೂರಿಸಿದ. ಮಗ್ಗದ ಮನೆಗೆ ಕಿಟಕಿ ಇರಲಿಲ್ಲ. ಆದರೂ ನಾನು ಹೊರಗೆ ನೋಡುವುದನ್ನು ಬಿಡಲಿಲ್ಲ. ಹಾಗಂತ ಕೆಲಸದಲ್ಲಿ ನನ್ನ ಕಡೆ ಬೆರಳು ತೋರಿಸಿದವರಿಲ್ಲ. ಈರಪ್ಪ ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ಪೇಟೆಯ ಯಾವ ವ್ಯಾಪಾರಿಯೂ ಅಂದಿರಲಿಲ್ಲ. ಈ ಮಾತನ್ನು ನಾನು ಚಹಾದಂಗಡಿಯಲ್ಲಿ ಹೇಳಿದ್ದೆ, ಲಗ್ನದ ಮನೆಗಳಲ್ಲಿ ಹೇಳಿದ್ದೆ, ಒಮ್ಮೆ ಸತ್ತವರ ಮಣ್ಣಿಗೆ ಹೋದಾಗಲೂ ಹೇಳಿಬಿಟ್ಟಿದ್ದೆ.

ಈಗ ಒಲೆಯ ಸಂಗತಿಗೆ ಬರುತ್ತೇನೆ. ನನ್ನ ಹೆಂಡತಿ ಗಂಗವ್ವ ಅಡುಗೆಯನ್ನೂ ನೋಡಿಕೊಂಡು, ನನ್ನ ಲಾಳಿಗೆ ಕಂಡಿಕೆಯನ್ನೂ ಸುತ್ತುತ್ತಾಳೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕೊಳವೆ. ಆ ವರ್ಷ ಅವಳ ಕಣ್ಣು ಕೆಂಪಾಗಿ, ಸದಾ ನೀರು ಸುರಿಯತೊಡಗಿತು. ರೋಣದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ರೆಪ್ಪೆ ಎತ್ತಿ ನೋಡಿ, "ಔಷಧ ಕೊಡ್ತೀನಿ. ಆದರ ಹೊಗಿ ತಪ್ಪಲಿಲ್ಲಂದ್ರ ನನ್ನ ಔಷಧ ಏನೂ ಮಾಡೂದಿಲ್ಲ. ಕಣ್ಣಿನ ಮ್ಯಾಲ ಪರದೆ ಬಂದೀತು, ನೋಡ್ರಿ" ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೊಲಗಳನ್ನು ನೋಡುತ್ತಿದ್ದಳು. ನಾನು ಅಲ್ಲೇ ನಿರ್ಧಾರ ಮಾಡಿದೆ: ಹಿತ್ತಲಿನ ಕಡೆ ಹೊಸ ಅಡುಗೆಮನೆ ಕಟ್ಟಿಸಬೇಕು, ಅದರಲ್ಲಿ ಕಟ್ಟಿಗೆಯೂ ಇರಬಾರದು, ಕುಳ್ಳೂ ಇರಬಾರದು, ಹೊಗೆಯ ಹೆಸರೂ ಇರಬಾರದು.

ನಿರ್ಧಾರ ಮಾಡುವುದು ಸುಲಭ. ಆದರೆ ಹೊಗೆಯಿಲ್ಲದ ಒಲೆಗಳಲ್ಲಿ ಎರಡು ಜಾತಿ ಇದ್ದವು. ಒಂದು ಕರೆಂಟಿನದು. ಆಗಷ್ಟೇ ನಮ್ಮ ಊರಿಗೆ ಕರೆಂಟಿನ ತಂತಿ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿತ್ತು. ಇನ್ನೊಂದು, ಚಿಮಣಿ ಎಣ್ಣೆಗೆ ಗಾಳಿ ಹೊಡೆದು ಗ್ಯಾಸು ಮಾಡಿ ಉರಿಸುವ ಹಿತ್ತಾಳೆಯ ಸ್ಟೋ. ನಮ್ಮ ಕಡೆ ಅದಕ್ಕೆ ಗ್ಯಾಸಿನ ಒಲಿ ಎಂದೇ ಹೆಸರು. ಗೋಡೆ ಕಟ್ಟುತ್ತಿದ್ದ ಗೌಂಡಿ ಹಣಮಂತ ದಿನಾ ಬೆಳಿಗ್ಗೆ ಕರಣಿ ಹಿಡಿದು ಬಂದು ನಿಲ್ಲುತ್ತಿದ್ದ. "ಏನ್ ಮಾಡೂಣ್ರಿ ಈರಪ್ಪಣ್ಣ? ತಂತಿ ಬರಾಕ ಗ್ವಾಡಿಗೆ ತೂತ ಬಿಡ್ಲೋ, ಸ್ಟೋ ಇಡಾಕ ಕಟ್ಟಿ ಕಟ್ಲೋ?"

"ನಾಳಿ ಹೇಳ್ತೀನಿ" ಎನ್ನುತ್ತಿದ್ದೆ ನಾನು. ಅತ್ತ ಹಳೆಯ ಅಡುಗೆಮನೆಯಿಂದ ಗಂಗವ್ವನ ಕೆಮ್ಮು ಕೇಳುತ್ತಿತ್ತು.

ಅರಿಯದೆ ವಸ್ತು ಕೊಳ್ಳುವ ಮನುಷ್ಯ ನಾನಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹಾಲು ಕಾಯಿಸಲು ಕರೆಂಟಿನ ಒಲೆ ತಂದಿದ್ದಾರೆಂದು ಕೇಳಿ ನೋಡಲು ಹೋದೆ. ಬಿಳಿಯ ಬಿಲ್ಲೆಯ ಮೇಲೆ ಸುರುಳಿ ಸುರುಳಿಯಾಗಿ ಒಂದು ತಂತಿ. ಮಾಲಕ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಆಮೇಲೆ ಆ ತಂತಿ ಏನೋ ನಾಚಿಕೆಯ ಮಾತು ನೆನಪಾದಂತೆ ಮೆಲ್ಲಗೆ ಕೆಂಪಾಗತೊಡಗಿತು. ಸದ್ದಿಲ್ಲ, ಕಿಡಿಯಿಲ್ಲ, ಬೂದಿಯಿಲ್ಲ. ನಾವು ಸೀರೆಯ ಸೆರಗಿಗೆ ಹಾಕುವ ಕೆಂಪು ನೂಲನ್ನು ಬಣ್ಣದ ಹಂಡೆಯಿಂದ ಆಗಷ್ಟೇ ಎತ್ತಿದಂತಿತ್ತು. ನನ್ನ ಚಹಾ ಆರಿತು, ಮೇಲೆ ಕೆನೆ ಕಟ್ಟಿತು, ನಾನು ನೋಡುತ್ತಲೇ ಇದ್ದೆ. ರಾಜೂರಿನ ಬಸ್ಸು ಬಂದು ಹೋಯಿತು.

"ಈರಪ್ಪ, ಒಲಿ ನೋಡಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?" ಎಂದು ಮಾಲಕ ಕೇಳಿದ. "ಅವಲಕ್ಕಿ ಕೊಟ್ಟು ಕಳಿಸಬೇಕೇನು?" ಹೋಟೆಲೆಲ್ಲ ನಕ್ಕಿತು.

ಹೇಳಬೇಕೆಂದರೆ ಅವನ ಮಾತು ಅಷ್ಟೇನೂ ತಪ್ಪಲ್ಲ. ಕನ್ಯೆ ನೋಡಿದವನಂತೆಯೇ ನಾನು ಅಂದು ಮನೆಗೆ ನಡೆದದ್ದು. ಆದರೆ ಎರಡನೆಯ ಕನ್ಯೆಯನ್ನೂ ನೋಡಬೇಕಲ್ಲ! ನರಗುಂದದಲ್ಲಿ ನನ್ನ ಷಡ್ಡಕ ಸಂಗಪ್ಪ ಇದ್ದಾನೆ, ಅಂದರೆ ಗಂಗವ್ವನ ತಂಗಿಯ ಗಂಡ. ಅವನದು ಭಾಂಡಿ, ಪಾತ್ರೆಗಳ ವ್ಯಾಪಾರ. ಮಾರುವ ವಸ್ತುವನ್ನು ಹೊಗಳುವಾಗ ಅವನ ಕಣ್ಣಲ್ಲಿ ನೀರೇ ಬರುತ್ತದೆ. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೋ ಇಟ್ಟು, ಬಾಗಿಲು ಎಳೆದು ಕತ್ತಲು ಮಾಡಿ, ಗಾಳಿ ಹೊಡೆದು ಹಚ್ಚಿದ. ಮೊದಲು ಹಳದಿ ಉರಿ ಕುಣಿಯಿತು. ಆಮೇಲೆ ಭರ್ರ್ ಎಂದು ಒಂದು ಗರ್ಜನೆ. ಆ ಗರ್ಜನೆಯ ನಡುವೆ ನೀಲಿ ಉರಿಯ ಒಂದು ಹೂ. ನನ್ನ ಆಯುಷ್ಯದಲ್ಲಿ ಎಷ್ಟೋ ನೀಲಿ ನೋಡಿದ್ದೇನೆ. ಬೆಳಗಿನ ಜಾವ ಗುಡ್ಡದ ಹಿಂದಿನ ನೀಲಿ, ಬಣ್ಣದ ಗುಳಿಯಲ್ಲಿ ಅದ್ದಿದ ನೂಲಿನ ನೀಲಿ. ಇದು ಯಾವುದೂ ಅಲ್ಲ. ಬಣ್ಣದವರು ಇನ್ನೂ ಹಿಡಿಯದ ನೀಲಿ. ಸಂಗಪ್ಪ ಏನೇನೋ ಕೂಗಿ ಹೇಳುತ್ತಿದ್ದ. ಆ ಸದ್ದಿನಲ್ಲಿ ಅವನ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಅದೂ ಸ್ಟೋದ ಒಂದು ಒಳ್ಳೆಯ ಗುಣವೆಂದು ನನಗನಿಸಿತು.

ಅಲ್ಲಿಂದ ನನ್ನ ಮಗ್ಗದ ಮೇಲೆ ಕನಸಿನ ಸುಗ್ಗಿ ಶುರುವಾಯಿತು. ಲಾಳಿ ಎಡಕ್ಕೆ ಓಡಿದರೆ ನೀಲಿ, ಬಲಕ್ಕೆ ಓಡಿದರೆ ಕೆಂಪು. ಮಾಗಿಯ ಚಳಿಯಲ್ಲಿ ಗಂಗವ್ವನೂ ನಾನೂ ಆ ಕೆಂಪು ಸುರುಳಿಯ ಮುಂದೆ ಕೂತು, ಮಾತಿಲ್ಲದೆ ಅಂಗೈ ಕಾಯಿಸಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಮರುಗಳಿಗೆಗೆ ಸುರುಳಿ ಆರಿ, ನೀಲಿ ಹೂವಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕೊಣ್ಣೂರಿನ ಹೊಳೆಯಲ್ಲಿ ಸಂಜೆ ಬಿಸಿಲು ಬಿದ್ದಾಗ ನೀಲಿಯೂ ಕೆಂಪೂ ಕೂಡಿಯೇ ಹರಿಯುತ್ತವೆ. ಒಲೆಗೇಕೆ ಹಾಗೆ ಆಗಬಾರದು ಎಂದೂ ಯೋಚಿಸಿದೆ. ಗೌಂಡಿ ಬಂದು ನಿಂತಾಗಲೆಲ್ಲ "ನಾಳಿ" ಎಂದೆ. ಕಡೆಗೆ ಅವನು ಕೇಳುವುದನ್ನೇ ಬಿಟ್ಟು, ಗೋಡೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳತೊಡಗಿದ.

ಒಂದು ದಿನ ಸಂಗಪ್ಪ ತಾನೇ ಸ್ಟೋ ಹೊತ್ತು ಬಂದ. "ಅಕ್ಕಾರು ಹಚ್ಚಿ ನೋಡ್ಲಿ. ಮನಸ್ಸಿಗೆ ಬರದಿದ್ರ ಒಯ್ತೀನಿ" ಎಂದು ಗಂಗವ್ವನಿಗೆ ಹಚ್ಚುವುದು ಕಲಿಸಿ, ಪೇಟೆಯ ಕಡೆ ಹೋದ. ಆಗ ನನ್ನ ಮಗ್ಗದ ಮೇಲೆ ನೀಲಿ ಒಡಲಿನ ಸೀರೆ. ಪೇಟೆಯ ವ್ಯಾಪಾರಿ ಮಗಳ ಲಗ್ನಕ್ಕೆಂದು ಹೇಳಿ ಮಾಡಿಸಿದ್ದು. ಸೆರಗಿಗೆ ಬೇಕಾದ ಕೆಂಪು ಕಂಡಿಕೆಗಳೂ ಪಕ್ಕದ ಬುಟ್ಟಿಯಲ್ಲೇ ಇದ್ದವು. ಅಡುಗೆಮನೆಯಲ್ಲಿ ಸ್ಟೋ ಗರ್ಜಿಸತೊಡಗಿತು. ನನಗೆ ಹಿತವೇ ಅನಿಸಿತು. ಕಣ್ಣು ಅರ್ಧ ಮುಚ್ಚಿ ನೇಯುತ್ತ ಹೋದೆ. ಕಂಡಿಕೆ ತೀರಿದಾಗ ಎಂದಿನಂತೆ ಬಲಗಡೆ ಅಂಗೈ ಚಾಚಿದೆ. ಈ ಸಲ ಅದರಲ್ಲಿ ಏನೂ ಬಂದು ಕೂರಲಿಲ್ಲ. ಸರಿ, ನಾನೇ ಬುಟ್ಟಿಗೆ ಕೈ ಹಾಕಿ ಒಂದನ್ನು ತೆಗೆದು ಲಾಳಿಗೆ ಸಿಕ್ಕಿಸಿ ಮುಂದೆ ಸಾಗಿದೆ. ಕನಸಿನಲ್ಲಿ ಆಗ ಕೆಂಪು ಸುರುಳಿ ಗೆಲ್ಲುತ್ತಿತ್ತು. ಎಷ್ಟು ಚಂದ ಗೆಲ್ಲುತ್ತಿದೆ ಎಂದು ಕಣ್ಣು ತೆರೆದು ನೋಡಿದರೆ, ನೀಲಿ ಒಡಲಿನ ನಟ್ಟನಡುವೆ ಗೇಣಗಲದ ಕೆಂಪು ಪಟ್ಟಿ!

ಸ್ಟೋ ಆರಿಸಿ ಗಂಗವ್ವ ಓಡಿ ಬಂದಳು. ನೋಡಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಕಣ್ಣಿಗೆ ಬ್ಯಾನಿ ಬಂದದ್ದು ನನಗೋ ನಿಮಗೋ?"

"ನೀ ಯಾಕ ಕಂಡಿಕಿ ತಂದ ಕೊಡ್ಲಿಲ್ಲ?" ಎಂದು ನಾನು ಏರಿದ ದನಿಯಲ್ಲೇ ಕೇಳಿದೆ. ತಪ್ಪು ಮಾಡಿದವನಿಗೆ ದನಿಯೊಂದೇ ಆಧಾರ.

"ಕೇಳಿದ್ರ ತರತಿದ್ನಿ. ಆ ಸ್ಟೋದ ಸಪ್ಪಳದಾಗ ನಿಮ್ಮ ಲಾಳಿ ಕೇಳಬೇಕಲ್ರಿ?"

"ಲಾಳಿ ಕೇಳೂದೇನು?"

ಇಷ್ಟು ವರ್ಷ ಜೊತೆಯಲ್ಲಿ ಒಗೆತನ ಮಾಡಿಯೂ ಇದು ಗೊತ್ತಿಲ್ಲವೇ ಎಂಬಂತೆ ಅವಳು ನನ್ನನ್ನು ನೋಡಿದಳು. "ಕಂಡಿಕಿ ತುಂಬಿದಾಗ ಲಾಳಿ ಧಪ್ ಅಂತೈತಿ. ನೂಲ ತೀರಿಕೋಂತ ಬಂದಂಗ ಹಗೂರಾಗಿ ಟಕ್ ಟಕ್ ಅಂತೈತಿ. ಟಕ್ ಅಂದಕೂಡ್ಲೆ ನಾ ರೊಟ್ಟಿ ಬಿಟ್ಟ ಬರ್ತೀನಿ, ಒಡಲಾದ್ರ ನೀಲಿ, ಸೆರಗಾದ್ರ ಕೆಂಪು ನಿಮ್ಮ ಕೈಯಾಗ ಇಟ್ಟ ಹೋಗ್ತೀನಿ. ನೀವು ಎಂದಾದ್ರೂ ನೋಡೀರೇನು?"

ನೋಡಿರಲಿಲ್ಲ. ಚಾಚಿದ ಕೈಗೆ ಕಂಡಿಕೆ ಬರುವುದು ಗಿಡದಿಂದ ಎಲೆ ಉದುರುವಷ್ಟು ಸಹಜವೆಂದು ತಿಳಿದಿದ್ದೆ. ಗೋಡೆಯಾಚೆ ಹೊಗೆಯಲ್ಲಿ ಕಣ್ಣು ಉರಿಯುತ್ತ ಕೂತವಳು ಕಿವಿಯಿಂದ ನನ್ನ ಸೀರೆಗಳನ್ನು ಕಾಯುತ್ತಿದ್ದಳು. ಲಗ್ನದ ಮನೆಗಳಲ್ಲಿ ನಾನು ಹೇಳಿಕೊಂಡು ತಿರುಗಿದ್ದು ಯಾರ ಹೆಚ್ಚುಗಾರಿಕೆ ಎಂದು ಕುಣಿಯಲ್ಲಿ ಕೂತೇ ಯೋಚಿಸಿದೆ. ಕುಣಿ ಇನ್ನೂ ಸ್ವಲ್ಪ ಆಳ ಇದ್ದರೆ ಚಲೋ ಇತ್ತು.

"ಹಂಗಾರ ಕರೆಂಟಿನ ಒಲಿನ ಆಗ್ಲಿ" ಎಂದೆ. "ಅದು ಉಸರ ಸುದ್ದಾ ಬಿಡೂದಿಲ್ಲ. ನಿನಗ ಲಾಳಿ ಕೇಳತೈತಿ."

"ತಂತಿ ಇನ್ನೂ ಬಸ್ ಸ್ಟ್ಯಾಂಡಿನಾಗ ನಿಂತೈತಿ. ಅದು ನಮ್ಮ ಓಣಿಗೆ ಬರೂದರಾಗ ನನ್ನ ಕಣ್ಣ ಹೋಗಿರತಾವ್ರಿ."

ಅವಳು ಇದನ್ನು ಅಳುತ್ತ ಹೇಳಲಿಲ್ಲ. ಸಂತೆಯಿಂದ ಉಪ್ಪು ತರಬೇಕು ಎನ್ನುವ ದನಿಯಲ್ಲಿ ಹೇಳಿದಳು. ಇಷ್ಟು ದಿನ ಒಲೆ ಯಾರಿಗಾಗಿ ಎಂಬುದನ್ನೇ ಮರೆತು ನಾನು ಬಣ್ಣ ಆರಿಸುತ್ತ ಕೂತಿದ್ದೆ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

"ಮತ್ತ ಹ್ಯಾಂಗ ಮಾಡೂಣು?" ಎಂದು ಆಗ ಕೇಳಿದೆ.

"ಸ್ಟೋ ಇರ್ಲಿ. ಅದು ಉರಿಯೂತನಾ ನೀವು ಮಗ್ಗಾ ನಿಂದರಸ್ರಿ. ಹೆಂಗೂ ಗಾಳಿ ಹೊಡದ್ರ ನನಗ ದಮ್ಮ ಹತ್ತತೈತಿ. ನೀವ ಬಂದ ಹೊಡೀರಿ. ನಾ ಇಷ್ಟ ವರ್ಷ ನಿಮ್ಮ ಮಗ್ಗಕ್ಕ ಬಂದೀನಿ, ನೀವೊಂದೀಟು ನನ್ನ ಒಲಿಗೆ ಬರ್ರಿ."

ನಾನು ಹಿತ್ತಲಿಗೆ ಹೋಗಿ ಗೌಂಡಿಗೆ "ಕಟ್ಟಿ ಕಟ್ಟು" ಎಂದೆ. ಅವನು ಬಾಯಿಯ ಎಲೆ ಉಗುಳಿ, "ಅಕ್ಕಾರು ಹೇಳಿದ್ರೇನ್ರಿ?" ಎಂದ. ವ್ಯಾಪಾರಿಗೆ ಮಗ್ಗಕ್ಕೆ ಬೇರೆ ಹಾಸುನೂಲು ಹೂಡಿ ಬೇರೆ ಸೀರೆ ನೇಯ್ದು ಕೊಟ್ಟೆ. ಕೆಂಪು ಪಟ್ಟಿಯದನ್ನು ಬಿಚ್ಚಲು ಗಂಗವ್ವ ಬಿಡಲಿಲ್ಲ, ತಾನೇ ಉಟ್ಟಳು. ಓಣಿಯ ಹೆಂಗಸರು ಇದು ಎಲ್ಲಿಯ ಹೊಸ ನಮೂನೆ ಎಂದು ಕೇಳಿದರೆ, "ನಮ್ಮ ಯಜಮಾನರ ಸ್ವಂತ ಕಲ್ಪನಾರಿ" ಎನ್ನುತ್ತಾಳೆ.

ಅವಳ ಕಣ್ಣು ಈಗ ತಿಳಿಯಾಗಿದೆ. ಹೊಸ ಮನೆ ಕಟ್ಟಿಸುವವರು ಕರೆಂಟೋ ಗ್ಯಾಸೋ ಎಂದು ನನ್ನನ್ನು ಕೇಳಲು ಬರುತ್ತಾರೆ. ಎರಡನ್ನೂ ಬಲ್ಲವನಂತೆ ಗಂಭೀರವಾಗಿ ಹೇಳಿ ಕಳಿಸುತ್ತೇನೆ. ಹೊತ್ತು ಹೊತ್ತಿಗೆ ಮಗ್ಗದಿಂದೆದ್ದು ಹೋಗಿ ಕುಕ್ಕುರುಗಾಲಲ್ಲಿ ಕೂತು ಸ್ಟೋಗೆ ಗಾಳಿ ಹೊಡೆಯುತ್ತೇನೆ. ನೀಲಿ ಹೂ ಅರಳುತ್ತದೆ. ಅದನ್ನು ನೋಡುತ್ತ ನೋಡುತ್ತ ನನ್ನ ತಲೆ ಮತ್ತೆ ಎದ್ದು ಗುಡ್ಡ ಹತ್ತುತ್ತದೆ, ಕೈ ಮಾತ್ರ ಹೊಡೆಯುತ್ತಲೇ ಇರುತ್ತದೆ. ಉರಿ ತಾರಕಕ್ಕೇರಿ ಬೋಗುಣಿಯ ಬುಡ ನಡುಗತೊಡಗಿದಾಗ ಗಂಗವ್ವ ನನ್ನ ಭುಜ ತಟ್ಟಿ, ಸುಮ್ಮನೆ ಹೊಡೆಯುತ್ತಿರುವ ನನ್ನ ಕೈ ತೋರಿಸಿ, ಆ ಗರ್ಜನೆಗಿಂತ ದೊಡ್ಡ ದನಿಯಲ್ಲಿ ಕೂಗುತ್ತಾಳೆ:

"ಸಾಕ ಬಿಡ್ರಿ! ಲಾಳಿ ಖಾಲಿ ಓಡಾಕತ್ತೈತಿ!"